ಡಬ್ಬಿಗಳು ಹೆಚ್ಚಿವೆ

ಅಕ್ಕಿಹೆಬ್ಬಾಳು
11-1-1993

ಪ್ರಮೀಳಕ್ಕನಿಗೆ ರಂಜಿತಳ ನಮಸ್ಕಾರಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ, ಅದಕ್ಕೇ ಬರೆಯುತ್ತಿಲ್ಲ. ನನಗೆ ಈಗ ಮೂರು ತಿಂಗಳು. ಈ ಸುದ್ದಿಯನ್ನು ನಿಮ್ಮ ಮೈದುನರೇ ಪುಣೆಗೆ ಬರೆಯುತ್ತೇನೆ ಅಂದಿದ್ದರು, ಬರೆದಿರಲಾರರು. ಅವರಿಗೆ ಪೆನ್ನು ಹಿಡಿಯುವುದಕ್ಕಿಂತ ನೇಗಿಲು ಹಿಡಿಯುವುದು ಸುಲಭ.

ಬರೆಯಬೇಕಾದದ್ದು ಅತ್ತೆಯ ವಿಷಯ. ಮಾವ ತೀರಿಕೊಂಡು ಎರಡು ತಿಂಗಳಾಯಿತಲ್ಲ, ಹಿತ್ತಲಿನಲ್ಲಿ ಅವರನ್ನು ಹೂತ ಗುಡ್ಡೆಯ ಮೇಲೆ ಒಂದು ಸೋರೆ ಬಳ್ಳಿ ಹುಟ್ಟಿದೆ. ಯಾರೂ ಬೀಜ ಹಾಕಿಲ್ಲ. ಅದು ಹಿತ್ತಲ ಬೇಲಿ ಹತ್ತಿ, ಬದನೆ ಸಾಲು ದಾಟಿ, ಈಗ ಅಡುಗೆಮನೆ ಕಿಟಕಿಗೆ ಬಂದಿದೆ. ಕಾಯಿ ಬಿಡುವುದೋ ಬಿಡುವುದು. ನಾವೆಲ್ಲ ತಿನ್ನುತ್ತಿದ್ದೇವೆ. ಅತ್ತೆ ಮಾತ್ರ ಸೋರೆಯಿರಲಿ, ಹಿತ್ತಲಿನ ಒಂದು ಎಸಳು ಸೊಪ್ಪನ್ನೂ ಮುಟ್ಟುತ್ತಿಲ್ಲ. ಬರೀ ಮುದ್ದೆಗೆ ಉಪ್ಪು, ಮಜ್ಜಿಗೆ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆಯಿದೆ, ಆದರೆ ಇದು ಅಂಥ ಬೇಸರವಲ್ಲ. ಕೇಳಿದರೆ, "ಅದ್ರಲ್ಲಿ ಅವರ ಬಾಯಿ ವಾಸ್ನೆ ಬತ್ತದೆ ಕಣವ್ವ, ಒಗೆಸೊಪ್ಪಿನ ವಾಸ್ನೆ" ಅನ್ನುತ್ತಾರೆ. ಸಂತೆಯಿಂದ ತಂದರೂ ಇದೇ ಮಾತು. "ಎಲ್ಲಾ ನೆಲವೂ ಒಂದೇ ಅಲ್ವಾ?"

ನಾನು ತಿಂದು ನೋಡಿದೆ. ನನಗೆ ಯಾವ ವಾಸನೆಯೂ ಬರಲಿಲ್ಲ. ಆದರೂ ಅವತ್ತಿನಿಂದ ಕತ್ತರಿಸುವಾಗ ಒಂದು ಸಲ ಮೂಸಿಯೇ ಕತ್ತರಿಸುತ್ತೇನೆ.

ನೀವಿಬ್ಬರೂ ಕೆಲಸ ಮಾಡುವ ಕಾರ್ಖಾನೆಯಲ್ಲಿ ತರಕಾರಿಯನ್ನು ಡಬ್ಬಿಗೆ ತುಂಬುತ್ತಾರೆ ಎಂದು ಹೋದ ಸಲ ಬಂದಾಗ ಹೇಳಿದ್ದಿರಿ. ಅದನ್ನು ಅತ್ತೆ ಜ್ಞಾಪಕ ಇಟ್ಟುಕೊಂಡಿದ್ದಾರೆ. "ಪ್ರಮೀಳಂಗೆ ಬರಿ, ಆ ಡಬ್ಬೀದು ಕಳಿಸ್ಲಿ" ಅಂದರು. ಕಳಿಸುತ್ತೀರಾ?

ನಿಮ್ಮ ತಂಗಿ,
ರಂಜಿತ


ಪುಣೆ
20-1-1993

ರಂಜಿತಮ್ಮನವರಿಗೆ,

ಬಸುರಿಯಾಗಿದ್ದೀಯ, ಅದನ್ನು ಎರಡೇ ಸಾಲಿನಲ್ಲಿ ಮುಗಿಸಿ ಸೋರೆಕಾಯಿಗೆ ಒಂದು ಪುಟ ಕೊಟ್ಟಿದ್ದೀಯ! ನಿನ್ನ ಭಾವನಿಗೆ ಓದಿ ಹೇಳಿದೆ, ಇಡೀ ಸಾಲುಮನೆಗೆ ಜಿಲೇಬಿ ಹಂಚಿದರು. ನನಗೂ ಸಂತೋಷವಾಯಿತು. ಮದುವೆಯಾಗಿ ಎಂಟು ವರ್ಷವಾದ ನನಗೆ ಹೊಟ್ಟೆಯಲ್ಲಿ ಸ್ವಲ್ಪ ಉರಿಯಿತು ಅಂತಲೂ ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡರೆ ಇನ್ನೂ ಉರಿಯುತ್ತದೆ.

ಅತ್ತೆ ಡಬ್ಬಿ ಕೇಳಿದ್ದು ಓದಿ ನಗು ಬಂತು. ಊಟ ತನ್ನಿಚ್ಛೆ ಅನ್ನುತ್ತಾರೆ, ಪಾಪ ಅವರ ಇಚ್ಛೆ ಕೇಳಿದವರು ಯಾರು ಇಷ್ಟು ದಿನ? ಇಲ್ಲಿನ ಜನ ಮೂರು ಜಾತಿ ತರಕಾರಿ ತಿನ್ನುತ್ತಾರೆ. ಬಡವರಿಗೆ ಸಂತೆಯ ತಾಜಾ ತರಕಾರಿ. ಫ್ರಿಜ್ಜು ಇರುವವರಿಗೆ ಮಂಜುಗಟ್ಟಿಸಿದ ಬಟಾಣಿ, ಗೋಲಿ ಥರ ಟಣಟಣ ಅನ್ನುತ್ತದೆ. ಹಡಗಿನವರಿಗೆ, ಹೋಟೆಲಿನವರಿಗೆ ಡಬ್ಬಿ. ನಾನು ದಿನವೆಲ್ಲ ಡಬ್ಬಿಗೆ ತುಂಬಿ ಬಂದು ಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತೇನೆ. ನನ್ನನ್ನು ಕೇಳಿದರೆ ಹಸಿಯದಕ್ಕೆ ಸಮ ಇಲ್ಲ. ಆದರೆ ಅತ್ತೆ ಉಪ್ಪು ಮುದ್ದೆ ತಿನ್ನುವುದಕ್ಕಿಂತ ಡಬ್ಬಿ ಎಷ್ಟೋ ವಾಸಿ.

ಪಾಂಡವಪುರದವನೊಬ್ಬ ನಮ್ಮ ಜೊತೆಯೇ ಕೆಲಸ ಮಾಡುತ್ತಾನೆ, ರಜೆಗೆ ಊರಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕಳಿಸಿದ್ದೇನೆ. ಬಟಾಣಿ, ಹುರುಳಿಕಾಯಿ, ಕ್ಯಾರೆಟ್ಟು ಎಲ್ಲಾ ಇವೆ. ಅಲ್ಲೊಂದು ಇಲ್ಲೊಂದು ಮೂಲೆ ನೆಗ್ಗಿದ್ದರೆ ರೈಲಿನಲ್ಲಿ ಬಿದ್ದಿರಬೇಕು, ಏನೂ ಅಂದುಕೊಳ್ಳಬೇಡ. ತೆರೆಯುವ ಸಾಧನವನ್ನೂ ಇಟ್ಟಿದ್ದೇನೆ, ಕುಡುಗೋಲಿನಲ್ಲಿ ಒಡೆಯಲು ಹೋಗಬೇಡಿ.

ಪ್ರಮೀಳಾ


ಅಕ್ಕಿಹೆಬ್ಬಾಳು
14-2-1993

ಪ್ರಮೀಳಕ್ಕ,

ಪೆಟ್ಟಿಗೆ ಬಂತು. ಅತ್ತೆ ಊಟ ಮಾಡುತ್ತಿದ್ದಾರೆ. ನಾನು ಈ ಮನೆಗೆ ಬಂದಾಗಿನಿಂದ ಅವರು ಹೀಗೆ ಊಟ ಮಾಡಿದ್ದು ನೋಡಿಲ್ಲ. ಡಬ್ಬಿ ತೆಗೆದು ಒಗ್ಗರಣೆ ಹಾಕುತ್ತೇನೆ ಅಂದರೆ ಬಿಡುವುದಿಲ್ಲ. "ಬೆಂದೇ ಬಂದದೆ, ಇನ್ಯಾಕೆ ಒಲೆ?" ಅನ್ನುತ್ತಾ ತಣ್ಣಗಿರುವಾಗಲೇ ಡಬ್ಬಿಯಿಂದ ಎತ್ತಿ ತಿನ್ನುತ್ತಾರೆ. ನಾನು ಒಗ್ಗರಣೆ ಹಾಕಿಕೊಂಡು ಅವರ ಜೊತೆ ತಿನ್ನುತ್ತೇನೆ. ಹಿತ್ತಲಿನದು ನನಗೂ ಬೇಡವಂತೆ.

ಇವರು ಮೈಸೂರಿನಿಂದ ಬರುತ್ತಾ ನೀವು ಹೇಳಿದ ಮಂಜಿನ ಬಟಾಣಿಯನ್ನೂ ತಂದರು. ರೈಲು ಇಳಿಯುವ ಹೊತ್ತಿಗೆ ಪೊಟ್ಟಣ ಮೆತ್ತಗಾಗಿ ನೀರು ತೊಟ್ಟಿಕ್ಕುತ್ತಿತ್ತು. ಅತ್ತೆ ಹೊಸ್ತಿಲು ದಾಟಿಸಲಿಲ್ಲ. ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಇತ್ಲುದು ಬದ್ಕಿರೋದು. ಇದು ಮಲ್ಗಿರೋದು, ಎದ್ಬುಡ್ತದೆ. ಡಬ್ಬೀದು ಸತ್ತಿರೋದು. ಸತ್ತಿದ್ದನ್ನ ಅವರು ಮುಟ್ಟಾಕಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ತಾವಾಗಿಯೇ ಹೇಳಿದರು. ಮಾವನಿಗೆ ತಟ್ಟೆಯ ಮುಂದೆ ಕೂತ ಮೇಲೆ ಕಿತ್ತ ಕಾಯಿಯೇ ಆಗಬೇಕಿತ್ತಂತೆ. ಮೊದಲೇ ಕಿತ್ತಿಟ್ಟಿದ್ದರೆ ತಟ್ಟೆ ಗೋಡೆಗೆ. ಅವರು ಕೈಕಾಲು ತೊಳೆದು ಒಳಗಿನಿಂದ "ಕಿತ್ತಾ?" ಎಂದು ಕೂಗುವುದು, ಅತ್ತೆ ಹಿತ್ತಲಿಗೆ ಓಡುವುದು, ಕಿತ್ತು ತಂದು ಬೇಯಿಸಿ ಇಡುವ ತನಕ ಅವರು ತಟ್ಟೆಯ ಮೇಲೆ ಬೆರಳಲ್ಲಿ ಬಡಿಯುತ್ತಾ ಇರುವುದು. ಮದುವೆಯಾದ ವಾರದಿಂದ ಮಾವ ಹಾಸಿಗೆ ಹಿಡಿಯುವ ತನಕ ಹೀಗೇ. ಊರಿಗೆಲ್ಲ ಅವರು ರುಚಿ ಬಲ್ಲ ಕರಿಯಪ್ಪ. ನಾನು ಬರುವ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ.

"ಈಗ್ಲೂ ಕೂಗ್ತಾವ್ರೆ, ಸಂಜೆ ಒತ್ತು" ಅಂದರು ಅತ್ತೆ.

ನಾನು ಕೇಳಿಸಿಕೊಂಡಿಲ್ಲ ಅಕ್ಕ. ಆದರೆ ಮೊನ್ನೆ ಸಂಜೆ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ ಎಲ್ಲಿಂದಲೋ ಟಕ್ ಟಕ್ ಎಂದು ಬೆರಳಲ್ಲಿ ಬಡಿದ ಹಾಗೆ ಸದ್ದು ಬಂತು. ಸೋರೆಕಾಯಿ ಗಾಳಿಗೆ ಗೋಡೆಗೆ ತಾಗುತ್ತಿತ್ತು. ಗಾಳಿ ಅಷ್ಟೇನೂ ಇರಲಿಲ್ಲ.

ರಂಜಿತ


ಪುಣೆ
1-3-1993

ರಂಜಿತಾ,

ಬಸುರಿ ಹೆಂಗಸು ಸಂಜೆ ಹೊತ್ತು ಹಿತ್ತಲಿಗೆ ಹೋಗುವುದನ್ನು ಮೊದಲು ನಿಲ್ಲಿಸು. ಅತ್ತೆಯ ಮಾತಿಗೆ ಹೂಂ ಅನ್ನುತ್ತಾ ಕೂತರೆ ನಿನಗೂ ಎಲ್ಲಾ ಕೇಳಿಸಲು ಶುರುವಾಗುತ್ತದೆ.

ಮಾವನ ತಟ್ಟೆಯ ಸದ್ದು ನನಗೆ ಗೊತ್ತು. ಮೂರು ವರ್ಷ ಅದೇ ಮನೆಯಲ್ಲಿದ್ದೆನಲ್ಲ. ನಿನ್ನ ಭಾವ ಪುಣೆಗೆ ಹೋಗೋಣ ಅಂದಾಗ ಒಂದು ಮಾತೂ ಆಡದೆ ಟ್ರಂಕು ತುಂಬಿದವಳು ನಾನು. ಅತ್ತೆಯನ್ನು ಅಲ್ಲೇ ಬಿಟ್ಟು ಬಂದೆ ಎನ್ನುವುದು ಆಗಾಗ ಚುಚ್ಚುತ್ತದೆ. ಅದಕ್ಕೇ ಡಬ್ಬಿ ಕೇಳಿದ ಕೂಡಲೇ ಸಿಕ್ಕಿದ್ದನ್ನು ಕಳಿಸಿದೆ.

ಇನ್ನೊಂದು ವಿಷಯ. ಡಬ್ಬಿಗಳನ್ನು ಬಹಳ ದಿನ ಇಡಬೇಡಿ. ಬೇಸಗೆ ಬರುತ್ತಿದೆ. ಬೇಗ ತಿಂದು ಮುಗಿಸಿ. ಯಾಕೆ ಎಂದು ಕೇಳಬೇಡ, ಸುಮ್ಮನೆ ಹೇಳಿದೆ. ಮುಗಿದಾಗ ಒಂದು ಸಾಲು ಬರೆ.

ಪ್ರಮೀಳಾ


ಅಕ್ಕಿಹೆಬ್ಬಾಳು
30-3-1993

ಅಕ್ಕ,

ಅಂಚೆಯ ಚಲುವರಾಜು ಬಾಗಿಲಲ್ಲಿ ನಿಂತಿದ್ದಾನೆ, ಆತುರದಲ್ಲಿ ಬರೆಯುತ್ತಿದ್ದೇನೆ. ಕಾಲು ಊದಿಕೊಂಡು ಎರಡು ವಾರ ಎದ್ದಿರಲಿಲ್ಲ, ಈಗ ವಾಸಿ. ಡಬ್ಬಿಗಳು ಹೆಚ್ಚಿವೆ. ಅಟ್ಟದ ಮೇಲೆ ಇಟ್ಟಿದ್ದವು ಒಂದೂ ಬಿಡದೆ ಹೆಚ್ಚಿವೆ. ಅತ್ತೆ ಯಾಕೋ ಮಂಕಾಗಿದ್ದಾರೆ. ವಿವರವಾಗಿ ಆಮೇಲೆ ಬರೆಯುತ್ತೇನೆ.

ರಂಜಿತ


ಪುಣೆ
6-4-1993

ಮುದ್ದಿನ ರಂಜಿತಾ,

ನಿನ್ನ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಡಬ್ಬಿಗಳು ಹೆಚ್ಚಿವೆ! ಬಿಂಡಿಗನವಿಲೆಯಿಂದ ಬಂದ ಹುಡುಗಿ ಕೊನೆಗೂ ನಮ್ಮ ಅತ್ತೆಯ ಮಾತು ಕಲಿತಳು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ "ಅಕ್ಕಿ ಮುಗಿದಿದೆ" ಅಂದುಬಿಟ್ಟಿದ್ದೆ. ಅತ್ತೆ ನನ್ನ ಬಾಯಿ ಮುಚ್ಚಿ, "ಮುಗೀತು ಅನ್ಬಾರ್ದು ಕಣೇ, ಎಚ್ಚದೆ ಅನ್ನು" ಎಂದು ಹೇಳಿಕೊಟ್ಟರು. ಅವತ್ತಿನಿಂದ ಇವತ್ತಿನವರೆಗೂ ನನ್ನ ಮನೆಯಲ್ಲಿ ಉಪ್ಪೂ ಮುಗಿದಿಲ್ಲ, ಎಣ್ಣೆಯೂ ಮುಗಿದಿಲ್ಲ, ಎಲ್ಲಾ ಹೆಚ್ಚುತ್ತಲೇ ಇವೆ.

ಎಲ್ಲಾ ತಿಂದು ಮುಗಿಸಿದ್ದೀರಿ, ಇನ್ನು ಹೇಳಿದರೆ ತಪ್ಪಿಲ್ಲ. ಆ ಡಬ್ಬಿಗಳು ರೈಲಿನಲ್ಲಿ ನೆಗ್ಗಿದ್ದಲ್ಲ. ಕಾರ್ಖಾನೆಯಲ್ಲೇ ನೆಗ್ಗಿದವು. ಅಂಥವನ್ನು ಹೊರಗೆ ಮಾರುವುದಿಲ್ಲ, ಒಂದು ಕಡೆ ಗುಡ್ಡೆ ಹಾಕಿರುತ್ತಾರೆ, ಕೆಲಸದವರು ಕಣ್ತಪ್ಪಿಸಿ ಎತ್ತಿಕೊಂಡು ಹೋಗುತ್ತಾರೆ. ಬಹಳ ಸಲ ಏನೂ ಆಗುವುದಿಲ್ಲ. ಆದರೆ ನೆಗ್ಗಿದ ಕಡೆ ಕಣ್ಣಿಗೆ ಕಾಣದ ತೂತು ಬಿದ್ದರೆ ಒಳಗಿನದು ಕೆಟ್ಟು ಡಬ್ಬಿ ಉಬ್ಬುತ್ತದೆ. ಉಬ್ಬಿದ ಡಬ್ಬಿ ವಿಷ. ನಮ್ಮ ಮೇಸ್ತ್ರಿ ಅದನ್ನು ತೆರೆಯಲೂ ಬಿಡುವುದಿಲ್ಲ. ಪುಣೆಯ ಸೊಸೆ ಎಸೆದ ಮಾಲು ಕಳಿಸಿದಳು ಅನ್ನಿಸಿಕೊಳ್ಳಲು ನಾಚಿಕೆಯಾಗಿ ನಿನಗೆ ಬರೆಯಲಿಲ್ಲ. ಒಂದು ತಿಂಗಳಿಂದ ಅಂಚೆಯವನು ಬಂದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡಿದ್ದೇನೆ.

ಈಗ ನಿಶ್ಚಿಂತೆ. ಈ ಸಲ ಅಂಗಡಿಯಿಂದಲೇ ಒಳ್ಳೆಯ ಡಬ್ಬಿ ತಂದು ಕಳಿಸುತ್ತೇನೆ.

ನಿನ್ನ ಅಕ್ಕ,
ಪ್ರಮೀಳಾ


ಅಕ್ಕಿಹೆಬ್ಬಾಳು
9-4-1993, ಶುಕ್ರವಾರ

ಪ್ರಮೀಳಕ್ಕ,

ಹೋದ ಕಾಗದದಲ್ಲಿ ಅರ್ಧ ಬರೆದು ನಿಲ್ಲಿಸಿದ್ದೆ. ಇವತ್ತು ಪೂರ್ತಿ ಬರೆಯುತ್ತೇನೆ. ಬರೆದರೆ ಭಯ ಕಡಿಮೆಯಾಗಬಹುದು.

ನಾನು ಮಲಗಿದ್ದ ಎರಡು ವಾರ ಅತ್ತೆಯೂ ಡಬ್ಬಿ ಮುಟ್ಟಿರಲಿಲ್ಲ, ನನ್ನ ಬಿಟ್ಟು ಅವರೊಬ್ಬರೇ ತಿನ್ನುವುದಿಲ್ಲವಂತೆ. ಎದ್ದು ಅಟ್ಟ ಹತ್ತಿದೆ. ಉಳಿದ ಡಬ್ಬಿಗಳೆಲ್ಲ ದುಂಡಗಾಗಿದ್ದವು. ತಳವೂ ಮುಚ್ಚಳವೂ ಹೊರಕ್ಕೆ ಬಂದು ನೆಟ್ಟಗೆ ನಿಲ್ಲುತ್ತಲೇ ಇರಲಿಲ್ಲ. "ಅತ್ತೆ, ಡಬ್ಬಿ ಎಲ್ಲಾ ಉಬ್ಬ..." ಅನ್ನುವಷ್ಟರಲ್ಲಿ ಅವರು ಕೆಳಗಿನಿಂದ ಕಿರುಚಿದರು. "ಅಂಗನ್ಬ್ಯಾಡ! ಬಸ್ರಿ ಬಾಯಲ್ಲಿ ಆ ಮಾತು ಬರ್ಬಾರ್ದು. ಉಬ್ಬೋದು ಎಣ. ಎಚ್ಚವೆ ಅನ್ನು." ಹೊಳೆಯಲ್ಲಿ ಸಿಕ್ಕ ಹೆಣಕ್ಕೆ ಆಡುವ ಮಾತು, ಕೂಸು ಹೊತ್ತವಳು ಆಡಬಾರದಂತೆ. ಅದಕ್ಕೇ ನಿಮಗೂ ಹೆಚ್ಚಿವೆ ಎಂದೇ ಬರೆದೆ. ಈಗ ಕಾಗದದಲ್ಲಿ ಬರೆದರೆ ಪರವಾಗಿಲ್ಲವೇನೋ, ಬಾಯಿಂದ ಆಡುತ್ತಿಲ್ಲವಲ್ಲ. ಉಬ್ಬಿವೆ ಅಕ್ಕ. ದಿನಾ ಇಷ್ಟಿಷ್ಟೇ ಉಬ್ಬುತ್ತಿವೆ.

ಅತ್ತೆ ಒಂದನ್ನು ಇಳಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾರೆ. ಮುಚ್ಚಳ ಒತ್ತಿದರೆ ಒಳಗೆ ಹೋಗಿ ಟಕ್ ಎಂದು ಮತ್ತೆ ಹೊರಗೆ ಬರುತ್ತದೆ. ಟಕ್, ಟಕ್. ನನಗೆ ಯಾವ ಸದ್ದು ನೆನಪಾಯಿತು ಎಂದು ಬೇರೆ ಹೇಳಬೇಕಿಲ್ಲ. "ಬಂದ್ಬುಟ್ರು ಕಣವ್ವ. ಸತ್ತಿರೋದ್ರೊಳಕ್ಕೂ ಬಂದ್ಬುಟ್ರು" ಅನ್ನುತ್ತಾರೆ.

ಊರವರೆಲ್ಲ ನನ್ನ ಹೊಟ್ಟೆ ನೋಡಿ ಕರಿಯಪ್ಪನೇ ಹುಟ್ಟಿ ಬರುತ್ತಾನೆ ಎಂದು ಹೇಳುತ್ತಿದ್ದಾರೆ. ನಿಮ್ಮ ಮೈದುನರಿಗೆ ಅದು ಕೇಳಿ ಖುಷಿ, ಹೆಸರೂ ಗೊತ್ತು ಮಾಡಿಬಿಟ್ಟಿದ್ದಾರೆ. ಅತ್ತೆ ಮಗನ ಮುಂದೆ ತುಟಿ ಬಿಚ್ಚುವುದಿಲ್ಲ. ನನ್ನ ಹತ್ತಿರ ಮಾತ್ರ ಹೇಳಿದರು, "ಅವರು ದಾರಿ ಉಡುಕ್ತಾವ್ರೆ. ತಿನ್ನೋದ್ರಲ್ಲಿ ಬಂದು ನಿನ್ನ ಒಟ್ಟೆ ಸೇರ್ಕಬೇಕು ಅಂತ." ಅವರಿಗೆ ನನ್ನ ಮೇಲೆ ಇರುವ ಪ್ರೀತಿ ದೊಡ್ಡದು, ಆದರೆ ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ನಿನ್ನೆ ಸಂಜೆ ಹಿತ್ತಲಿನಿಂದ "ಕಿತ್ತಾ?" ಎಂದು ನನಗೂ ಕೇಳಿಸಿತು. ಪಕ್ಕದ ಮನೆಯ ಬೆಟ್ಟಮ್ಮನ ಗಂಡ ಇರಬೇಕು ಎಂದು ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಬೆಟ್ಟಮ್ಮನ ಗಂಡ ಹೇಮಗಿರಿಗೆ ಹೋಗಿ ಎರಡು ದಿನವಾಗಿದೆ ಎಂದು ಆಮೇಲೆ ಗೊತ್ತಾಯಿತು.

ಇದಕ್ಕೆಲ್ಲ ಒಂದೇ ಮದ್ದು. ನಾಡಿದ್ದು ಭಾನುವಾರ ಒಂದು ಬಟಾಣಿ ಡಬ್ಬಿ ತೆಗೆದು ಅತ್ತೆಯ ಎದುರಿಗೇ ಅವರ ಥರವೇ ತಣ್ಣಗೆ ತಿಂದು ತೋರಿಸುತ್ತೇನೆ. ತರಕಾರಿ ಬರೀ ತರಕಾರಿ ಎಂದು ಅವರಿಗೂ ಗೊತ್ತಾಗಲಿ, ನನಗೂ ಗೊತ್ತಾಗಲಿ. ಬಯಕೆಯೂ ಇದೆ, ಸುಳ್ಳೇಕೆ ಹೇಳಲಿ.

ರಂಜಿತ


ಪುಣೆ
15-4-1993

ರಂಜಿತಾ,

ನಿನ್ನ ಕಾಗದ ಈಗ ಬಂತು. ತಂತಿ ಕಳಿಸಿ ಬಂದು ಇದನ್ನು ಬರೆಯುತ್ತಿದ್ದೇನೆ. ಭಾನುವಾರ ಕಳೆದು ನಾಲ್ಕು ದಿನವಾಗಿದೆ. ನನ್ನ ಆರನೇ ತಾರೀಖಿನ ಕಾಗದ ಶನಿವಾರವೇ ನಿನ್ನ ಕೈಸೇರಿರಲಿ ತಾಯಿ, ಸೇರಿರಲಿ. ನೀನು ತಿಂದಿರಬೇಡ. ತಿಂದಿದ್ದರೆ ಕಣ್ಣು ಮಂಜಾಗುತ್ತದೆ, ನಾಲಿಗೆ ತೊದಲುತ್ತದೆ, ಕೂಡಲೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಹೆಚ್ಚಿವೆ ಅಂದರೆ ಮುಗಿದಿವೆ ಅಂದುಕೊಂಡೆನಲ್ಲೇ! ಜಂಬ ಪಟ್ಟುಕೊಂಡು ನಗುತ್ತಾ ಬರೆದೆನಲ್ಲ!

ನಿನ್ನ ಬಸುರಿಗೆ ಹೊಟ್ಟೆ ಉರಿಯಿತು ಎಂದು ಬರೆದಿದ್ದೆ. ನಾನು ಬೇಕೆಂದು ಮಾಡಲಿಲ್ಲ. ಒಂದು ಸಾಲು ಬರೆ.

ಪ್ರಮೀಳಾ


ಅಕ್ಕಿಹೆಬ್ಬಾಳು
3-5-1993

ಪ್ರಮೀಳಕ್ಕ,

ಭಾವ ಬಂದು ಅತ್ತೆಯ ತಿಥಿ ಮುಗಿಸಿ ಹೋದರು. ನೀವು ಬರಲಿಲ್ಲ. ಯಾಕೆ ಎಂದು ಎಲ್ಲರೂ ಕೇಳಿದರು, ನಾನು ಹೇಳಲಿಲ್ಲ. ನಿಮ್ಮ ಕಾಗದವನ್ನು ಭಾವನಿಗೂ ತೋರಿಸಿಲ್ಲ. ಅದು ನಿಮ್ಮ ಮೇಲಿನ ಕರುಣೆಯಿಂದಲ್ಲ. ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿದೆ. ನೆಗ್ಗಿದ ಡಬ್ಬಿ ಎಂದು ಒಂದು ಮಾತು ಬರೆದಿದ್ದರೆ ನಾವು ಅದನ್ನು ಹಟ್ಟಿಯ ಆಚೆಗೆ ಎಸೆಯುತ್ತಿದ್ದೆವು. ನಾನೂ ಒಂದು ಮಾತನ್ನು ಇದ್ದ ಹಾಗೆ ಬರೆದಿದ್ದರೆ ನೀವು ಆವತ್ತೇ ತಂತಿ ಕಳಿಸುತ್ತಿದ್ದಿರಿ. ಆ ಸಿಟ್ಟು ನನ್ನ ಮೇಲೂ ಇದೆ.

ನಿಮ್ಮ ಕಾಗದ ಬಂದದ್ದು ಸೋಮವಾರ. ಭಾನುವಾರ ನಾನು ಹೇಳಿದ ಹಾಗೇ ಡಬ್ಬಿ ತೆರೆದೆ. ಉಪಕರಣದ ಹಲ್ಲು ತಾಗಿದ ಕೂಡಲೇ ಬುಸ್ ಎಂದು ಉಸಿರು ಬಿಟ್ಟಿತು. ನೀರು ನನ್ನ ಮುಖಕ್ಕೆ ಎಗರಿತು. ಬಟಾಣಿಯನ್ನು ತಟ್ಟೆಗೆ ಸುರಿದುಕೊಂಡು ಕೂತೆ. ಅತ್ತೆ ಬಂದು ತಟ್ಟೆಯನ್ನು ಎಳೆದುಕೊಂಡರು. ನಾನು ಬಿಡಲಿಲ್ಲ. ಆಗ ನನ್ನ ಕೆನ್ನೆಗೆ ಹೊಡೆದರು ಅಕ್ಕ. ಯಾವತ್ತೂ ಕೈಯೆತ್ತದವರು.

"ಬೇಡವಾದ್ರೆ ಹಿತ್ತಲಿಗೆ ಎಸೀರಿ" ಅಂದೆ ಅಳುತ್ತಾ.

"ಎಸದ್ರೆ ನೆಲಕ್ಕೋಯ್ತದೆ. ನೆಲಕ್ಕೋದ್ರೆ ಬಳ್ಳಿಗೋಯ್ತದೆ. ತಿರ್ಗಾ ನಿನ್ನ ತಟ್ಟೆಗೇ ಬತ್ತದೆ. ನನ್ನೊಳಗಿದ್ರೆ ಎಲ್ಗೂ ಓಗಾಕಿಲ್ಲ. ಇಷ್ಟು ವರ್ಸ ತಡ್ಕಂಡಿವ್ನಿ, ಇನ್ನೂ ತಡ್ಕತೀನಿ ಬುಡು."

ಹೊಸ್ತಿಲ ಮೇಲೆ ಕೂತು ತಿಂದರು. ಉಳಿದ ಡಬ್ಬಿಗಳನ್ನೂ ತಾವೇ ತೆರೆದು ಒಂದೊಂದರಿಂದಲೂ ತುತ್ತು ಎತ್ತಿದರು. ವಾಸನೆ ಕೆಟ್ಟಿತ್ತು, ಮುಖ ಸಹ ಸಿಂಡರಿಸಲಿಲ್ಲ. ಹುಚ್ಚು ಎಂದುಕೊಂಡು ನಾನು ಕೋಣೆಗೆ ಹೋಗಿ ಮಲಗಿಬಿಟ್ಟೆ. ಇದನ್ನು ನಾನು ಹೇಗೆ ಮರೆಯಲಿ?

ಸೋಮವಾರ ನಿಮ್ಮ ಕಾಗದ ಓದುತ್ತಿರುವಾಗಲೇ ಅವರ ಕಣ್ಣಿನ ರೆಪ್ಪೆ ಜೋತು ಬಿದ್ದಿತ್ತು. ಕೆ.ಆರ್. ಪೇಟೆಯಿಂದ ಮೈಸೂರಿಗೆ ಕಳಿಸಿದರು. ಅಲ್ಲಿ ಗುರುವಾರ ತೀರಿಕೊಂಡರು. ಇವರಿಗೂ ಊರಿನ ಹಿರಿಯರಿಗೂ ಮಾವನ ಪಕ್ಕದಲ್ಲೇ ಗುಣಿ ತೋಡುವ ಮನಸ್ಸು. ಬಸುರಿ ಹೆಣದ ಮುಂದೆ ಬರಬಾರದು. ನಾನು ಬಂದೆ. ಬಾಗಿಲಿಗೆ ಅಡ್ಡ ನಿಂತು, ಆ ಹಿತ್ತಲಿನಲ್ಲಿ ಹೂಳುವುದಾದರೆ ನನ್ನನ್ನು ದಾಟಿಕೊಂಡು ಹೋಗಿ ಅಂದೆ. ಕೊನೆಗೆ ಹೊಳೆ ಬದಿಯ ಗದ್ದೆಗೆ ತೆಗೆದುಕೊಂಡು ಹೋದರು. ಅಲ್ಲಿಗೆ ನಮ್ಮ ಮನೆಯಿಂದ ಕೂಗಿದರೆ ಕೇಳಿಸುವುದಿಲ್ಲ.

ಮಗು ಒದೆಯುತ್ತಿದೆ, ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಅದು ಹುಟ್ಟಿದ ಮೇಲೆ ನೀವು ಬರಬೇಕು. ಕಾಗದದಲ್ಲಿ ಬೇಡ, ಎದುರಿಗೆ ಕೂತು ನಿಮ್ಮನ್ನು ಬೈಯಬೇಕು ನಾನು.

ಒಂದು ಮಾತು ಯಾರಿಗೂ ಹೇಳಿಲ್ಲ, ನಿಮಗೆ ಬರೆಯುತ್ತೇನೆ. ಮಂಗಳವಾರ ಆಸ್ಪತ್ರೆಯಲ್ಲಿ ನಾನೊಬ್ಬಳೇ ಹಾಸಿಗೆಯ ಬಳಿ ಇದ್ದೆ. ನಾನು ಅವರ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದರೆ ಅತ್ತೆ ನೋಡುತ್ತಿದ್ದರು. ನನ್ನನ್ನು ನೋಡಿ ತೊದಲುತ್ತಾ, "ಇಬ್ರೂ ಬಂದಿದೀರಾ" ಅಂದರು. ಈ ವಿಷ ಏರಿದವರಿಗೆ ಒಂದು ಎರಡಾಗಿ ಕಾಣುತ್ತದೆ ಎಂದು ಡಾಕ್ಟರು ಹೇಳಿದ್ದರು, ನನಗೆ ಗೊತ್ತಿತ್ತು. ಆದರೆ ಅತ್ತೆ ನನ್ನ ಕಡೆಯಿಂದ ಕಣ್ಣು ತೆಗೆದು, ನನ್ನ ಪಕ್ಕದಲ್ಲಿ ಯಾರೂ ಇಲ್ಲದ ಜಾಗದ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ ಆ ಜಾಗವನ್ನೇ ಕೇಳಿದರು, "ನಿಂಗೇನಿಷ್ಟ ಮಗ? ಏನ್ ಮಾಡ್ಲಿ ಉಣ್ಣಕ್ಕೆ?"

ಅಲ್ಲಿಂದ ಉತ್ತರ ಬರುವ ತನಕ ಅವರು ಕಾಯುತ್ತಿದ್ದರು. ನಾನು ಬಗ್ಗಿ, ಮೆಲ್ಲಗೆ, "ಏನ್ ಮಾಡಿದ್ರೂ ಸರಿ ಅಜ್ಜಿ, ಯಾವಾಗ ಮಾಡಿದ್ರೂ ಸರಿ" ಅಂದೆ. ನಗಬೇಕೆಂದರೂ ಅವರ ಮುಖ ಅಲುಗುತ್ತಿರಲಿಲ್ಲ. ನನ್ನ ಕೈ ಬಿಟ್ಟು, ಆ ಖಾಲಿ ಜಾಗದ ಕಡೆಗೆ ಕೈ ಚಾಚಿ ಮಲಗಿದರು.

ರಂಜಿತ